ಎದೆ ಉರಿಗೆ ಬಾಟಲಿ ಔಷಧ ದಿನಾ ಕುಡಿಯಬಹುದಾ? ಯಾವುದು ಯಾರಿಗೆ ಸರಿ?

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 68 ವರ್ಷ. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಎರಡೂ ನಡೆಯುತ್ತಿವೆ. ಕೆಲವು ತಿಂಗಳಿಂದ ಊಟ ಆದ ಮೇಲೆ ಎದೆ ಉರಿ, ಹುಳಿ ತೇಗು. ಮಲಗಿದರೆ ಗಂಟಲವರೆಗೆ ಹುಳಿ ನೀರು ಬರುತ್ತದೆ ಅನ್ನುತ್ತಾರೆ. ಮೊದಲು ಈ ಥರ ಇರಲಿಲ್ಲ.

ಕೆಳಗಿನ ಮೆಡಿಕಲ್‌ನಿಂದ ಗುಲಾಬಿ ಬಣ್ಣದ ಬಾಟಲಿ ತರಿಸಿಟ್ಟುಕೊಂಡಿದ್ದಾರೆ. ಉರಿ ಬಂದಾಗಲೆಲ್ಲ ಬಾಟಲಿ ಎತ್ತಿ ಒಂದು ಗುಟುಕು. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗಿ, ಹಿಂದೆಯೇ ಇದನ್ನೂ ಕುಡಿಯುತ್ತಾರೆ. ಅಂಗಡಿಯವರನ್ನು ಕೇಳಿದರೆ "ಏನೂ ಆಗಲ್ಲ, ಎಲ್ಲರೂ ತಗೊಳ್ತಾರೆ" ಅಂದರು. ನನಗೆ ಸಮಾಧಾನ ಇಲ್ಲ.

ಡೈಜೀನ್, ಜೆಲುಸಿಲ್, ಮ್ಯೂಕೇನ್, ಗ್ಯಾವಿಸ್ಕಾನ್ ಅಂತ ಎಷ್ಟೊಂದು ಇವೆ. ಯಾವುದು ಒಳ್ಳೆಯದು? ದಿನಾ ಕುಡಿದರೆ ತೊಂದರೆ ಇದೆಯಾ?

ಹಿಂಜವಡಿ ನೈಟ್ ಶಿಫ್ಟ್

ಅಕ್ಕಾ, ನಮ್ಮ ಆಫೀಸಿನಲ್ಲಿ ಎಲ್ಲರ ಡ್ರಾಯರ್‌ನಲ್ಲೂ ಈನೋ ಇರುತ್ತದೆ. ಮಧ್ಯರಾತ್ರಿ ಕ್ಯಾಂಟೀನ್‌ನಲ್ಲಿ ಮಿಸಳ್ ಪಾವ್ ತಿಂದು ಬಂದ ಮೇಲೆ ಬೇರೆ ದಾರಿ ಇಲ್ಲ. ನೀರಿಗೆ ಹಾಕಿ ಕುಡಿದರೆ ನಾಲ್ಕು ತೇಗು ಬಂದು ಹೊಟ್ಟೆ ಹಗುರ. ಅತ್ತೆಯವರಿಗೂ ಅದನ್ನೇ ಕೊಟ್ಟು ನೋಡಿ.

ಕಾತ್ರಜ್ ಫಾರ್ಮಸಿಸ್ಟ್

ತಮ್ಮಾ, ದಯವಿಟ್ಟು ಆ ಸಲಹೆ ಬೇಡ. ಅವರಿಗೆ ಬಿಪಿ ಇದೆ ಅಂತ ಅಕ್ಕ ಮೊದಲೇ ಬರೆದಿದ್ದಾರೆ.

ಈನೋದಲ್ಲಿ ಇರುವುದು ಮುಖ್ಯವಾಗಿ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ನೀರಿಗೆ ಬಿದ್ದ ಕೂಡಲೇ ಅದು ಬುರುಗುಡುತ್ತದಲ್ಲ, ಆಗ ಏಳುವುದು ಕಾರ್ಬನ್ ಡೈಆಕ್ಸೈಡ್. ತೇಗು ಬರುವುದೂ ಅದರಿಂದಲೇ. ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ 1 ಗ್ರಾಂ ಅಡುಗೆ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಪ್ಯಾಕೆಟ್‌ನಲ್ಲಿ ಸೋಡಾ 1 ಗ್ರಾಮಿಗಿಂತ ಜಾಸ್ತಿಯೇ. ದೊಡ್ಡವರಿಗೆ ದಿನಕ್ಕೆ ಒಟ್ಟು 2 ಗ್ರಾಂ ಸೋಡಿಯಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಯ ಉಪ್ಪು, ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರೊಳಗೇ ಬರಬೇಕು. ಬಿಪಿ, ಹೃದಯದ ತೊಂದರೆ, ಕಾಲು ಊತ ಇರುವವರು ದಿನಾ ಈನೋ ಕುಡಿಯುವುದು ಅಂದರೆ ದಿನಾ ಉಪ್ಪು ಕುಡಿದ ಲೆಕ್ಕವೇ.

ನಿನಗೂ ಒಂದು ಮಾತು. ಹೊಟ್ಟೆ ಬಿರಿಯುವಷ್ಟು ತಿಂದ ಕೂಡಲೇ ಸೋಡಾ ಕುಡಿಯಬೇಡ. ಒಮ್ಮೆಲೇ ಗ್ಯಾಸ್ ಎದ್ದು ಹೊಟ್ಟೆಯೇ ಹರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ, ಆದರೂ ಇವೆ.

ಈಗ ಡೊಂಬಿವಲಿ ಅಕ್ಕನ ಪ್ರಶ್ನೆ. ನಾನು ಪುಣೆಯಲ್ಲಿ ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್. ಈ ಬಾಟಲಿಗಳನ್ನು ದಿನಾ ಕೈಯಾರೆ ಕೊಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಡೈಜೀನ್, ಜೆಲುಸಿಲ್ ಎರಡರ ಹೂರಣವೂ ಹೆಚ್ಚುಕಮ್ಮಿ ಒಂದೇ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್, ಜೊತೆಗೆ ಸಿಮೆಥಿಕೋನ್. ಮೊದಲ ಎರಡು ಹೊಟ್ಟೆಯ ಆಮ್ಲವನ್ನು ಸಪ್ಪೆ ಮಾಡುತ್ತವೆ. ಮೆಗ್ನೀಸಿಯಂ ಬೇಗ ಕೆಲಸ ಮಾಡುತ್ತದೆ, ಆದರೆ ಭೇದಿ ತರಿಸುತ್ತದೆ. ಅಲ್ಯೂಮಿನಿಯಂ ನಿಧಾನ, ಮಲಬದ್ಧತೆ ತರಿಸುತ್ತದೆ. ಒಂದರ ಕಾಟವನ್ನು ಇನ್ನೊಂದು ತಗ್ಗಿಸಲಿ ಅಂತಲೇ ಎರಡನ್ನೂ ಸೇರಿಸುತ್ತಾರೆ. ಸಿಮೆಥಿಕೋನ್‌ಗೆ ಆಮ್ಲದ ಜೊತೆ ಸಂಬಂಧ ಇಲ್ಲ. ಅದು ಹೊಟ್ಟೆಯೊಳಗಿನ ಸಣ್ಣ ಸಣ್ಣ ಗ್ಯಾಸ್ ಗುಳ್ಳೆಗಳನ್ನು ಒಡೆದು ಒಂದಾಗಿಸುತ್ತದೆ, ಆಗ ಗ್ಯಾಸ್ ಸುಲಭವಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಈ ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ, ರುಚಿ ಯಾವುದು ಹಿಡಿಸುತ್ತದೋ ಅದು.

ಮ್ಯೂಕೇನ್ ಬೇರೆ. ಅದರಲ್ಲಿ ಆಕ್ಸೆಟಕೇನ್ ಅಂತ ಮರಗಟ್ಟಿಸುವ ಔಷಧವೂ ಇದೆ. ಗಂಟಲು, ಅನ್ನನಾಳ ಸ್ವಲ್ಪ ಜೋಮು ಹಿಡಿದ ಹಾಗಾಗಿ ನೋವು ಗೊತ್ತಾಗುವುದಿಲ್ಲ. ಅದನ್ನು ಕುಡಿದು ಕೂಡಲೇ ಬಿಸಿ ಚಹಾ ಕುಡಿಯಬಾರದು, ಸುಟ್ಟರೂ ತಿಳಿಯುವುದಿಲ್ಲ. ಡಾಕ್ಟರ್ ಹೇಳದೆ ಇದನ್ನು ವಾರಗಟ್ಟಲೆ ಕುಡಿಯುವುದು ನನಗೆ ಸರಿ ಕಾಣುವುದಿಲ್ಲ. ಒಳಗೆ ಹುಣ್ಣಿದ್ದರೆ ನೋವು ಮುಚ್ಚಿಹೋಗುತ್ತದೆ, ಹುಣ್ಣು ಹಾಗೇ ಉಳಿಯುತ್ತದೆ.

ಗ್ಯಾವಿಸ್ಕಾನ್ ಥರದ್ದು ಇನ್ನೊಂದು ಜಾತಿ. ಅದರಲ್ಲಿ ಸೋಡಿಯಂ ಆಲ್ಜಿನೇಟ್ ಇದೆ, ಸಮುದ್ರದ ಪಾಚಿಯಿಂದ ತೆಗೆದದ್ದು. ಹೊಟ್ಟೆಗೆ ಹೋದ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಊಟದ ಮೇಲೆ ಒಂದು ಪದರ ಕಟ್ಟಿ ತೇಲುತ್ತದೆ. ಆಮ್ಲ ಮೇಲೆ ಏರದಂತೆ ಅದು ತಡೆಯುತ್ತದೆ. ಗಂಟಲಿಗೆ ಹುಳಿ ನೀರು ಬರುವವರಿಗೆ ಇದು ಜಾಸ್ತಿ ಹೊಂದುತ್ತದೆ. ಊಟ ಆದ ಮೇಲೆ, ಮಲಗುವ ಮುಂಚೆ ಕುಡಿಯಬೇಕು, ಆಮೇಲೆ ಏನೂ ತಿನ್ನಬಾರದು. ಇದರಲ್ಲೂ ಸೋಡಿಯಂ ಇದೆ, ಬಿಪಿಯವರು ನೆನಪಿಡಬೇಕು.

ಆದರೆ ಅಕ್ಕಾ, ನಿಮ್ಮ ಪೋಸ್ಟ್‌ನಲ್ಲಿ ನನಗೆ ಬಾಟಲಿಗಿಂತ ಜಾಸ್ತಿ ಚಿಂತೆ ಹಚ್ಚಿದ್ದು ಆ ಬೆಳಗಿನ ಥೈರಾಯ್ಡ್ ಮಾತ್ರೆ. ಅಲ್ಯೂಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವ ಯಾವ ಆಂಟಾಸಿಡ್ (ಆಮ್ಲ ಸಪ್ಪೆ ಮಾಡುವ ಔಷಧ) ಆದರೂ ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡರ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಇದನ್ನು ನಾಳೆಯಿಂದಲೇ ಸರಿಮಾಡಿ. ಆಮೇಲೆ ಡಾಕ್ಟರ್ ಹತ್ತಿರ ಹೇಳಿ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟ್ ಏರುಪೇರಾಗಿದ್ದರೆ ಈ ಬಾಟಲಿ ವಿಷಯ ಅವರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಸುಮ್ನೆ ಥೈರಾಯ್ಡ್ ಡೋಸ್ ಏರಿಸಿಬಿಡುತ್ತಾರೆ.

ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್‌ಗಳ ಕತೆಯೂ ಇದೇ.

ಒಂದು ಪ್ರಶ್ನೆ. ಅತ್ತೆಯವರು ಮಂಡಿ ನೋವಿಗೋ ತಲೆ ನೋವಿಗೋ ಮಾತ್ರೆ ತಗೊಳ್ಳುತ್ತಾರಾ?

ಮಾಟುಂಗಾ ಅಡುಗೆ ಭಟ್ಟರು

ಮಾರಾಯ್ರೆ, ಇದು ನಮ್ಮ ಕಸುಬಿನ ಕಾಯಿಲೆ. ಮುಂಬೈಯ ಉಡುಪಿ ಹೋಟೆಲ್‌ಗಳ ಅಡುಗೆಮನೆಯಲ್ಲಿ ಎದೆ ಉರಿ ಇಲ್ಲದ ಮನುಷ್ಯ ಸಿಗುವುದು ಕಷ್ಟ. ಬೆಳಿಗ್ಗೆ ಇಡ್ಲಿ ಹಬೆಗೆ ನಿಂತರೆ ಖಾಲಿ ಹೊಟ್ಟೆಗೆ ಕಟಿಂಗ್ ಚಹಾ ಮೇಲೆ ಕಟಿಂಗ್ ಚಹಾ. ಮಧ್ಯಾಹ್ನ ಗಿರಾಕಿ ಮುಗಿಯುವವರೆಗೆ ಊಟ ಇಲ್ಲ. ರಾತ್ರಿ ಶಟರ್ ಎಳೆದು, ಪಾತ್ರೆ ತೊಳೆದು, ಹಸಿವು ತಡೆಯಲಾರದೆ ಹೊಟ್ಟೆ ತುಂಬ ಉಂಡು, ಅಲ್ಲೇ ಬೆಂಚಿನ ಮೇಲೆ ಅಡ್ಡ ಆಗುವುದು. ಮತ್ತೆ ಉರಿಯದೆ ಇರುತ್ತದಾ? ಹುಡುಗರು ಬಾಟಲಿ ತಂದು ಹಂಚಿಕೊಂಡು ಕುಡಿಯುತ್ತಾರೆ.

ನನ್ನ ಪ್ರಶ್ನೆ ಇಷ್ಟು. ತಣ್ಣಗಿನ ಹಾಲು ಕುಡಿದರೆ ಸರಿಹೋಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಮಜ್ಜಿಗೆ, ಜೀರಿಗೆ ಕಷಾಯ ಕೂಡ. ಅದು ಸರಿಯಾ?

ವಾಸ್ಕೋ ಅಕ್ಕ

ಭಟ್ರೇ, ನಾನು ನರ್ಸ್ ಆಗಿ ದುಡಿದು ಈಗ ನಿವೃತ್ತಿ. ಹಾಲು ಕುಡಿದ ಕೂಡಲೇ ತಂಪು ಅನ್ನಿಸುತ್ತದೆ. ಆದರೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಸ್ವಲ್ಪ ಹೊತ್ತಿಗೆ ಹೊಟ್ಟೆ ಇನ್ನಷ್ಟು ಆಮ್ಲ ಸುರಿಸುವ ಹಾಗೆ ಮಾಡುತ್ತವೆ. ಹಿಂದೆ ಹುಣ್ಣಿನವರಿಗೆ ಗಂಟೆಗೊಮ್ಮೆ ಹಾಲು ಕೊಡುವ ಪದ್ಧತಿ ಇತ್ತು, ಈಗ ಅದನ್ನು ಬಿಟ್ಟಿದ್ದಾರೆ. ತೆಳು ಮಜ್ಜಿಗೆ ಹಿಡಿಸಿದರೆ ಕುಡಿಯಿರಿ, ಉರಿ ಜಾಸ್ತಿ ಆದರೆ ಬಿಡಿ. ಜೀರಿಗೆ ನೀರಿನಿಂದ ಕೇಡಿಲ್ಲ. ಇಲ್ಲಿ ಗೋವಾದಲ್ಲಿ ಕೋಕಂನಿಂದ ಮಾಡುವ ಸೋಲ್ ಕಡಿ ಕುಡಿದರೆ ಅಸಿಡಿಟಿ ಹೋಗುತ್ತದೆ ಅಂತಾರೆ. ಕೋಕಂ ಹುಳಿ ಪದಾರ್ಥ. ಕೆಲವರಿಗೆ ಹಿತ, ಕೆಲವರಿಗೆ ಗಂಟಲವರೆಗೆ ಉರಿ. ಅವರವರ ಹೊಟ್ಟೆಯೇ ಹೇಳಬೇಕು. ಪುದೀನಾ ಮಾತ್ರ ಜನ ಅಂದುಕೊಂಡಷ್ಟು ಒಳ್ಳೆಯದಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿ ಸ್ನಾಯು ಇದೆ, ಬಾಗಿಲು ಕಾಯುವುದು ಅದೇ. ಪುದೀನಾ, ಸಿಗರೇಟು, ಫೆನಿಯಂಥ ಮದ್ಯ, ಚಾಕೊಲೇಟ್, ಕರಿದದ್ದು ಇವೆಲ್ಲ ಆ ಸ್ನಾಯುವನ್ನು ಸಡಿಲ ಮಾಡುತ್ತವೆ.

ನೀವು ಹೇಳಿದ ರಾತ್ರಿ ಊಟ, ಕೂಡಲೇ ಅಡ್ಡ ಆಗುವುದು, ಅದೇ ನಿಜವಾದ ಕಾರಣ ಭಟ್ರೇ. ನಿಂತಿದ್ದರೆ ಆಮ್ಲ ಕೆಳಗೆ ಇರುತ್ತದೆ. ಮಲಗಿದರೆ ಹರಿದು ಬರುತ್ತದೆ. ಊಟಕ್ಕೂ ನಿದ್ದೆಗೂ 3 ಗಂಟೆ ಬಿಡುವು ಇರಬೇಕು. ಹೋಟೆಲ್ ಹುಡುಗರಿಗೆ ಅದು ಆಗದ ಮಾತು ಅಂತ ನನಗೂ ಗೊತ್ತು. ಹಾಗಾದರೆ ಸಂಜೆ ಆರೇಳು ಗಂಟೆಗೆ ಗಟ್ಟಿ ಏನಾದರೂ ತಿನ್ನಲಿ, ರಾತ್ರಿ ಸ್ವಲ್ಪ ಗಂಜಿಯೋ ಮೊಸರನ್ನವೋ ಸಾಕು. ಯಜಮಾನರು ಮನಸ್ಸು ಮಾಡಿದರೆ ಇಷ್ಟು ಮಾಡಬಹುದು.

ಸೊಸೆಯಮ್ಮಾ, ನಿಮ್ಮ ಅತ್ತೆಗೆ ರಾತ್ರಿಯದ್ದೇ ತೊಂದರೆ ಅಲ್ವಾ? ಮಂಚದ ತಲೆ ಕಡೆಯ ಎರಡು ಕಾಲಿನ ಕೆಳಗೆ ಮರದ ತುಂಡೋ ಇಟ್ಟಿಗೆಯೋ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರ ಮಾಡಿ. ದಿಂಬಿನ ಮೇಲೆ ದಿಂಬು ಇಡಬೇಡಿ, ಸೊಂಟದ ಹತ್ತಿರ ಮಡಿಚಿ ಹೊಟ್ಟೆಗೇ ಒತ್ತಡ ಬೀಳುತ್ತದೆ. ಎಡಕ್ಕೆ ಹೊರಳಿ ಮಲಗಲಿ. ಎಡಕ್ಕೆ ಮಲಗಿದಾಗ ಹೊಟ್ಟೆ ಅನ್ನನಾಳಕ್ಕಿಂತ ಕೆಳಗೆ ಬರುತ್ತದೆ. ಲಂಗದ ಲಾಡಿ ಬಿಗಿಯಾಗಿ ಕಟ್ಟುವವರಾದರೆ ಅದನ್ನೂ ಸಡಿಲ ಮಾಡಲಿ.

ಬಾಟಲಿಯಿಂದ ನೇರ ಗುಟುಕು ಬೇಡವೇ ಬೇಡ. ಒಂದು, ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ಎರಡು, ಬಾಯಿಯ ಎಂಜಲು ಬಾಟಲಿ ಸೇರುತ್ತದೆ. ಮುಚ್ಚಳದ ಜೊತೆ ಅಳತೆಯ ಲೋಟ ಬರುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ 5ರಿಂದ 10 ಮಿಲಿ. ಲೇಬಲ್ ಮೇಲೆ ಬರೆದಿರುತ್ತದೆ. ಕುಡಿಯುವ ಮುಂಚೆ ಚೆನ್ನಾಗಿ ಅಲ್ಲಾಡಿಸಬೇಕು. ಇದು ಕರಗಿದ ಔಷಧ ಅಲ್ಲ, ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ. ಅಲ್ಲಾಡಿಸದಿದ್ದರೆ ಮೇಲಿನ ನೀರು ಮೊದಲು ಖಾಲಿ ಆಗಿ, ಔಷಧವೆಲ್ಲ ತಳದಲ್ಲೇ ಉಳಿಯುತ್ತದೆ.

ಹಿಂಜವಡಿ ನೈಟ್ ಶಿಫ್ಟ್

ಊಟಕ್ಕೆ ಮುಂಚೆ ಕುಡಿಯಬೇಕಾ, ಆಮೇಲಾ? ನಮ್ಮಲ್ಲಿ ಕೆಲವರು ಬಿರಿಯಾನಿಗೆ ಮುಂಚೆಯೇ ಕುಡಿದು ರೆಡಿ ಆಗುತ್ತಾರೆ.

ಕಾತ್ರಜ್ ಫಾರ್ಮಸಿಸ್ಟ್

ಖಾಲಿ ಹೊಟ್ಟೆಗೆ ಕುಡಿದರೆ ಅರ್ಧ ಗಂಟೆಯಲ್ಲಿ ಹೊಟ್ಟೆಯಿಂದ ಜಾರಿ ಹೋಗುತ್ತದೆ. ಊಟ ಆಗಿ ಒಂದು ಗಂಟೆಗೆ ಕುಡಿದರೆ ಊಟದ ಜೊತೆ ಅಲ್ಲೇ ನಿಂತು 3 ಗಂಟೆವರೆಗೂ ಕೆಲಸ ಮಾಡುತ್ತದೆ. ಅದೇ ದುಡ್ಡು, ಅದೇ ಔಷಧ, ಹೊತ್ತು ಮಾತ್ರ ಬೇರೆ.

ಠಾಣೆ ತಮ್ಮ

ಒಂದು ವಿಷಯ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಿಡ್ನಿ.

ನಮ್ಮ ತಂದೆಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ದುರ್ಬಲ ಆಗಿದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಜಾಸ್ತಿ. ಅವರಿಗೂ ಇದೇ ಥರದ ಬಾಟಲಿ ಮನೆಯಲ್ಲಿ ಇರುತ್ತಿತ್ತು. ಕಿಡ್ನಿ ಡಾಕ್ಟರ್ ಔಷಧಗಳ ಚೀಲ ತೆಗೆಸಿ ನೋಡಿದಾಗ ಮೊದಲು ಪಕ್ಕಕ್ಕಿಟ್ಟದ್ದು ಅದನ್ನೇ. ಸರಿಯಾಗಿ ಕೆಲಸ ಮಾಡುವ ಕಿಡ್ನಿ ಮೆಗ್ನೀಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ದುರ್ಬಲ ಕಿಡ್ನಿಗೆ ಅದು ಆಗುವುದಿಲ್ಲ. ರಕ್ತದಲ್ಲಿ ಸೇರಿ ಸೇರಿ ಸುಸ್ತು, ಮಂಪರು, ಬಿಪಿ ಇಳಿಯುವುದು, ನಾಡಿ ನಿಧಾನ ಆಗುವುದು ಎಲ್ಲ ಶುರು ಆಗುತ್ತದೆ. ಅಲ್ಯೂಮಿನಿಯಂ ವರ್ಷಗಟ್ಟಲೆ ಸೇರಿದರೆ ಮೂಳೆಗೆ, ಮೆದುಳಿಗೆ ಕೆಡುಕು. ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಬಾಟಲಿ ಕೇಳಿದರೆ ಬಾಟಲಿ ಕೊಡುತ್ತಾರೆ, ಅಷ್ಟೇ.

ವಯಸ್ಸಾದವರಿಗೆ, ಸಕ್ಕರೆ ಮತ್ತು ಬಿಪಿ ಇರುವವರಿಗೆ ಕಿಡ್ನಿ ಹೇಗಿದೆ ಅಂತ ರಕ್ತ ಪರೀಕ್ಷೆ ಮಾಡಿಸದೆ ದಿನಾ ಇದನ್ನು ಕೊಡಬೇಡಿ. ಸಕ್ಕರೆ ಇರುವವರು ಬಾಟಲಿ ಮೇಲೆ ಶುಗರ್ ಫ್ರೀ ಅಂತ ಇದೆಯಾ ಅಂತಲೂ ನೋಡಿ.

ವಾಸ್ಕೋ ಅಕ್ಕ

ಠಾಣೆ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ.

ಬಾಟಲಿಯನ್ನೇ ಸ್ವಲ್ಪ ಕಣ್ಣಿಟ್ಟು ನೋಡುವ ವಿಷಯ ಕೂಡ ಹೇಳಬೇಕು. 2023ರ ಆಗಸ್ಟ್‌ನಲ್ಲಿ ನಮ್ಮ ಗೋವಾದ ಕಾರ್ಖಾನೆಯಲ್ಲಿ ತಯಾರಾದ ಡೈಜೀನ್ ಜೆಲ್ ಅನ್ನು ಅಬಾಟ್ ಕಂಪನಿಯವರೇ ಮಾರುಕಟ್ಟೆಯಿಂದ ವಾಪಸ್ ತರಿಸಿದರು. ದೂರು ಬಂದದ್ದು ಹೀಗೆ. ಒಂದೇ ಬ್ಯಾಚ್‌ನ ಒಂದು ಬಾಟಲಿ ಎಂದಿನ ಹಾಗೆ ಸಿಹಿ, ತಿಳಿ ಗುಲಾಬಿ. ಇನ್ನೊಂದು ಬಾಟಲಿ ಬಿಳಿ ಬಣ್ಣ, ಕಹಿ ರುಚಿ, ಮೂಗಿಗೆ ಅಡರುವ ವಾಸನೆ. ಗೋವಾದಲ್ಲಿ ತಯಾರಾದದ್ದನ್ನು ಬಳಸಬೇಡಿ ಅಂತ ಕೇಂದ್ರದ ಔಷಧ ನಿಯಂತ್ರಕರು ಸೂಚನೆ ಹೊರಡಿಸಿದರು. ಮಾತ್ರೆಗಳಿಗೆ, ಬೇರೆ ಕಡೆ ತಯಾರಾದ ಜೆಲ್‌ಗೆ ಆ ತೊಂದರೆ ಇಲ್ಲ ಅಂತ ಕಂಪನಿ ಹೇಳಿತು. ಅದು ಹಳೆಯ ವಿಷಯ, ಈಗ ಹೆದರಬೇಕಾಗಿಲ್ಲ. ಆದರೆ ಬಾಟಲಿಯ ಬಣ್ಣ, ವಾಸನೆ, ರುಚಿ ಎಂದಿನ ಹಾಗೆ ಇಲ್ಲದಿದ್ದರೆ ಕುಡಿಯಬಾರದು. ಬ್ಯಾಚ್ ನಂಬರ್ ಇರುವ ಲೇಬಲ್ ಹರಿಯದೆ ಅಂಗಡಿಗೆ ತೋರಿಸಿ. ಆ ದೂರು ಕೊಟ್ಟವರು ಅಷ್ಟು ಗಮನ ಇಟ್ಟದ್ದರಿಂದಲೇ ಆ ಬಾಟಲಿಗಳ ವಿಷಯ ಹೊರಗೆ ಬಂತು.

ಹುಬ್ಬಳ್ಳಿ ಟು ಹಡಪ್ಸರ್

ಎಲ್ಲಾರೂ ಛಲೋ ಬರದೀರಿ. ನಾನು ಒಂದು ಎಚ್ಚರಿಕೆ ಹೇಳ್ತೀನಿ ರೀ, ದಯಮಾಡಿ ಓದಿ.

ನಮ್ಮ ಸೋದರಮಾವನಿಗೆ ಸಂಜೆ ಎದೆ ನಡುವೆ ಉರಿ ಶುರು ಆಯಿತು. ಮಧ್ಯಾಹ್ನ ಮಿರ್ಚಿ ಭಜಿ ತಿಂದಿದ್ದರು, ಗ್ಯಾಸ್ ಅಂತಲೇ ಎಲ್ಲರೂ ಅಂದರು. ಬಾಟಲಿ ಔಷಧ ಕುಡಿದರು. ತೇಗು ಬಂತು, ಸ್ವಲ್ಪ ಆರಾಮೂ ಅನ್ನಿಸಿತು. ತಾಸಿನ ಮೇಲೆ ಮೈ ಬೆವರಿ ಅಂಗಿ ಒದ್ದೆ, ಎಡಗೈ ಜಗ್ಗಿದ ಹಾಗೆ, ಗದ್ದ ನೋವು. ಅತ್ತೆ ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ತೆಗೆದ ಕೂಡಲೇ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯಿತು. ಸ್ಟೆಂಟ್ ಹಾಕಿದರು, ಈಗ ಆರಾಮ್ ಇದ್ದಾರೆ. ಅತ್ತೆ ಅವತ್ತು "ಗ್ಯಾಸ್ ಇದ್ದರೆ ಗ್ಯಾಸ್ ಅಂತ ಡಾಕ್ಟರೇ ಹೇಳಲಿ" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆಂಟಾಸಿಡ್ ಕುಡಿದು ಕಡಿಮೆ ಆಯಿತು ಅಂದರೆ ಹೃದಯದ್ದಲ್ಲ ಅಂತ ಅರ್ಥ ಅಲ್ಲ ರೀ. ಬೆವರು, ಉಸಿರು ಸಾಲದಿರುವುದು, ಕೈಗೆ ಗದ್ದಕ್ಕೆ ಬೆನ್ನಿಗೆ ಹಬ್ಬುವ ನೋವು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವ ಉರಿ, ಇವಿದ್ದರೆ ಬಾಟಲಿ ಹುಡುಕುತ್ತ ಕೂಡಬೇಡಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವು ಇಲ್ಲದೆ ಬರೀ ಸುಸ್ತು, ವಾಂತಿ, ಹೊಟ್ಟೆ ಸಂಕಟ ಅಂತಲೂ ಹಾರ್ಟ್ ಅಟ್ಯಾಕ್ ಆಗುತ್ತದೆ.

ಡೊಂಬಿವಲಿ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾತ್ರಜ್ ಅಣ್ಣಾ, ನೀವು ಕೇಳಿದ ಪ್ರಶ್ನೆಗೆ ಉತ್ತರ: ಹೌದು. ಮಂಡಿ ನೋವಿಗೆ ಡೈಕ್ಲೋಫೆನಾಕ್ ಇರುವ ಮಾತ್ರೆ ತಗೊಳ್ಳುತ್ತಾರೆ. ಡಾಕ್ಟರ್ ಹಿಂದೆ ಯಾವಾಗಲೋ ಐದು ದಿನಕ್ಕೆ ಬರೆದುಕೊಟ್ಟಿದ್ದರು. ಅದೇ ಚೀಟಿ ತೋರಿಸಿ ಇವರು ಈಗಲೂ ತರಿಸುತ್ತಾರೆ. ಮೆಟ್ಟಿಲು ಹತ್ತಬೇಕಾದ ದಿನ ತಪ್ಪದೆ ಒಂದು. ಕೆಲವು ಸಲ ಖಾಲಿ ಹೊಟ್ಟೆಗೂ.

ಇನ್ನೊಂದು. ಇತ್ತೀಚೆಗೆ ಅವರ ಬ್ಲೌಸ್‌ಗಳೆಲ್ಲ ಸಡಿಲ ಆಗಿವೆ. ಊಟ ಕಡಿಮೆ ಮಾಡಿದ್ದಾರೆ ಅಂತ ಅಂದುಕೊಂಡಿದ್ದೆವು. ಎದೆ ಉರಿಗೂ ಇದಕ್ಕೂ ಸಂಬಂಧ ಇದೆಯಾ?

ಕಾತ್ರಜ್ ಫಾರ್ಮಸಿಸ್ಟ್

ಅಕ್ಕಾ, ಕೇಳಿದ್ದು ಒಳ್ಳೆಯದಾಯಿತು. ಇನ್ನು ಯಾವ ಬಾಟಲಿ ಅನ್ನುವ ಪ್ರಶ್ನೆ ಬಿಡಿ. ಈ ವಾರವೇ ಡಾಕ್ಟರಿಗೆ ತೋರಿಸಿ.

ಕಾರಣ ಹೇಳುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳು ಹೊಟ್ಟೆಯ ಒಳಪೊರೆಯ ಕಾವಲನ್ನು ತೆಗೆದುಬಿಡುತ್ತವೆ. ಆಮೇಲೆ ಆಮ್ಲ ಅಲ್ಲೇ ಕೊರೆದು ಹುಣ್ಣು ಮಾಡುತ್ತದೆ. ವಯಸ್ಸಾದವರಲ್ಲಿ ನೋವೇ ಇಲ್ಲದೆ ಹುಣ್ಣಿನಿಂದ ರಕ್ತ ಹೋಗುವುದೂ ಇದೆ. ಊಟದ ಜೊತೆ ನುಂಗಿದರೆ ಅಪಾಯ ಪೂರ್ತಿ ತಪ್ಪುವುದಿಲ್ಲ, ಯಾಕಂದ್ರೆ ಆ ಔಷಧ ರಕ್ತಕ್ಕೆ ಸೇರಿದ ಮೇಲೂ ಅದೇ ಕೆಲಸ ಮಾಡುತ್ತದೆ. ಇವೇ ಮಾತ್ರೆಗಳು ಬಿಪಿ ಏರಿಸುತ್ತವೆ, ಕಿಡ್ನಿಗೂ ಹೊರೆ. ಅಂದರೆ ಒಂದು ಮಾತ್ರೆ ಹೊಟ್ಟೆ ಕೆಡಿಸುತ್ತಿದೆ, ಅದಕ್ಕೆ ಒಂದು ಬಾಟಲಿ. ಆ ಬಾಟಲಿ ಥೈರಾಯ್ಡ್ ಮಾತ್ರೆಯನ್ನು ತಡೆಯುತ್ತಿದೆ. ನನ್ನ ಕೌಂಟರ್‌ನಲ್ಲಿ ಇಂಥ ಸರಪಳಿ ನಾನು ಮತ್ತೆ ಮತ್ತೆ ನೋಡುತ್ತೇನೆ, ಪ್ರತಿ ಸಲ ಬೇಸರ ಆಗುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ದಿನ ಬೇರೆ ಬೇರೆಯವರು ಕೊಟ್ಟಿರುತ್ತಾರೆ, ಒಟ್ಟಿಗೆ ಇಟ್ಟು ಯಾರೂ ನೋಡಿರುವುದಿಲ್ಲ.

ಮಂಡಿ ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಆಗುತ್ತದಾ ಅಂತ ಡಾಕ್ಟರನ್ನೇ ಕೇಳಿ. ಅದು ಹೊಟ್ಟೆಗೆ ಇಷ್ಟು ಕಾಟ ಕೊಡುವುದಿಲ್ಲ. ಬಿಪಿಗೆ ಅಮ್ಲೋಡಿಪಿನ್ ಇದೆಯಾ ನೋಡಿ. ವಾಸ್ಕೋ ಅಕ್ಕ ಹೇಳಿದ ಆ ಬಾಗಿಲು ಕಾಯುವ ಸ್ನಾಯುವನ್ನು ಸಡಿಲ ಮಾಡಿ ಅದೂ ಎದೆ ಉರಿ ಹೆಚ್ಚಿಸಬಹುದು. ಆದರೆ ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಬ್ಲೌಸ್ ಸಡಿಲ ಆದದ್ದು ಮುಖ್ಯ ವಿಷಯ. ಹೆದರಿಸುತ್ತಿಲ್ಲ. 68ನೇ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಎದೆ ಉರಿ, ಜೊತೆಗೆ ತೂಕ ಇಳಿಯುವುದು, ಇವೆರಡು ಇದ್ದರೆ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಒಳಗೆ ಕಣ್ಣಾರೆ ನೋಡಬೇಕು. ಅನ್ನ ನುಂಗುವಾಗ ಸಿಕ್ಕಿಕೊಂಡ ಹಾಗೆ ಆಗುತ್ತದಾ, ವಾಂತಿ ಆಗುತ್ತದಾ, ಮಲ ಡಾಂಬರಿನ ಥರ ಕಪ್ಪಾಗಿದೆಯಾ ಅಂತ ಕೇಳಿ. ಮಲ ಕಪ್ಪಾಗಿದ್ದರೆ ಅಥವಾ ಕಾಫಿ ಪುಡಿಯಂಥ ವಾಂತಿ ಆದರೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಮಗೆ ಸಾಯನ್ ಆಸ್ಪತ್ರೆ ಲೋಕಲ್‌ನಲ್ಲಿ ನೇರ ದಾರಿ, ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆ ಇದೆ. ಖಾಸಗಿ ಬೇಕಾದರೆ ಹತ್ತಿರದ ಹೊಟ್ಟೆ ಡಾಕ್ಟರ್ ಆಗಬಹುದು. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿ, ಚೂರ್ಣ ಒಂದು ಚೀಲಕ್ಕೆ ಹಾಕಿ ಒಯ್ಯಿರಿ.

ಮಾಟುಂಗಾ ಅಡುಗೆ ಭಟ್ಟರು

ಹುಣ್ಣು ಅಂದರೆ ಖಾರ ತಿಂದು ಆಗುವುದಲ್ಲವಾ? ನಾವು ಮೆಣಸು ಜಾಸ್ತಿ ಹಾಕುತ್ತೇವೆ ಅಂತ ಗಿರಾಕಿಗಳು ದೂರುತ್ತಿರುತ್ತಾರೆ.

ವಾಸ್ಕೋ ಅಕ್ಕ

ಇಲ್ಲ ಭಟ್ರೇ. ಖಾರ, ಟೆನ್ಶನ್ ಅಂತಲೇ ಡಾಕ್ಟರುಗಳೂ ಬಹಳ ಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೊಟ್ಟೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಯಾರೂ ನಂಬಲಿಲ್ಲ ಅಂತ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಉರಿ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ದೊಡ್ಡ ಕಾರಣಗಳು ಎರಡು, ಈ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ. ಖಾರ ಇದ್ದ ಹುಣ್ಣಿಗೆ ಉರಿ ಕೊಡುತ್ತದೆ, ಅಷ್ಟೇ.

ನಮ್ಮ ದೇಶದಲ್ಲಿ ಈ ಬ್ಯಾಕ್ಟೀರಿಯಾ ತುಂಬ ಜನರ ಹೊಟ್ಟೆಯಲ್ಲಿದೆ. ಎಲ್ಲರಿಗೂ ಹುಣ್ಣಾಗುವುದಿಲ್ಲ. ಹುಣ್ಣಾದವರಿಗೆ ಪರೀಕ್ಷೆ ಮಾಡಿ, ಸಾಮಾನ್ಯವಾಗಿ ಎರಡು ವಾರ ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಅರ್ಧಕ್ಕೆ ಬಿಡಬಾರದು. ಬಾಟಲಿ ಔಷಧ ಎಷ್ಟು ಕುಡಿದರೂ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಹಿಂಜವಡಿ ನೈಟ್ ಶಿಫ್ಟ್

ಹಾಗಾದರೆ ಪ್ಯಾಂಟೊಪ್ರಜೋಲ್ ದಿನಾ ತಗೊಳ್ಳುವುದು ಒಳ್ಳೆಯದಾ? ನಮ್ಮ ಟೀಮ್‌ನಲ್ಲಿ ಉರಿ ಬಂದಾಗ ಅದನ್ನೂ ನುಂಗುತ್ತಾರೆ. ರಾನಿಟಿಡಿನ್ ಕೂಡ.

ಕಾತ್ರಜ್ ಫಾರ್ಮಸಿಸ್ಟ್

ಉರಿ ಬಂದ ಮೇಲೆ ಪ್ಯಾಂಟೊಪ್ರಜೋಲ್ ನುಂಗಿದರೆ ಆ ಹೊತ್ತಿಗೆ ಏನೂ ಸಿಗುವುದಿಲ್ಲ. ಅದು ಇದ್ದ ಆಮ್ಲವನ್ನು ಸಪ್ಪೆ ಮಾಡುವ ಔಷಧ ಅಲ್ಲ, ಮುಂದೆ ಹುಟ್ಟುವ ಆಮ್ಲವನ್ನು ತಡೆಯುವ ಔಷಧ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು, ಪೂರ್ತಿ ಫಲ ಕಾಣಲು ಕೆಲವು ದಿನ ಬೇಕು. ಡಾಕ್ಟರ್ ಇಷ್ಟು ವಾರ ಅಂದರೆ ಅಷ್ಟೇ ವಾರ. ವರ್ಷಗಟ್ಟಲೆ ತಗೊಂಡವರಲ್ಲಿ ಬಿ12, ಮೆಗ್ನೀಸಿಯಂ ಕಡಿಮೆ ಆಗುವುದು ಕಂಡಿದೆ. ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಕೆಲವು ದಿನ ಮೊದಲಿಗಿಂತ ಜಾಸ್ತಿ ಬರುತ್ತದೆ. "ಬಿಟ್ಟರೆ ಆಗಲ್ಲ" ಅಂತ ಜನ ಮತ್ತೆ ಶುರು ಮಾಡುವುದು ಅದಕ್ಕೇ. ನಿಧಾನಕ್ಕೆ ಇಳಿಸಬೇಕು. ಆಗ ನಡುವೆ ಉರಿ ಬಂದರೆ ಇದೇ ಬಾಟಲಿ ಔಷಧ ಒಳ್ಳೆಯ ಆಸರೆ. ಬಾಟಲಿಯನ್ನು ನಾನು ಬೈಯುತ್ತಿಲ್ಲ. ಯಾವಾಗಲೋ ಒಮ್ಮೆ ಬರುವ ಉರಿಗೆ ಇಷ್ಟು ಬೇಗ, ಇಷ್ಟು ಕಡಿಮೆ ಖರ್ಚಿನಲ್ಲಿ ಆರಾಮ ಕೊಡುವುದು ಇನ್ನೊಂದಿಲ್ಲ. ಎರಡು ವಾರ ದಾಟಿಯೂ ಬೇಕು ಅನ್ನಿಸಿದರೆ ಡಾಕ್ಟರ್ ಹತ್ತಿರ ಹೋಗಬೇಕು.

ರಾನಿಟಿಡಿನ್ ವಿಷಯ: ಅದೂ ಆಮ್ಲ ತಗ್ಗಿಸುವ ಮಾತ್ರೆಯೇ. ಅದರಲ್ಲಿ ಎನ್‌ಡಿಎಂಎ ಅನ್ನುವ, ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡುಬಂದದ್ದಕ್ಕೆ 2020ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆಸಿದರು. ನಮ್ಮ ಸರ್ಕಾರ 2022ರಲ್ಲಿ ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು. ಅದೇ ಗುಂಪಿನ ಫ್ಯಾಮೊಟಿಡಿನ್ ಇದೆ, ಬೇಕಾದರೆ ಡಾಕ್ಟರನ್ನು ಕೇಳಿ.

ಕುರ್ಲಾ ಹೊಸ ಅಮ್ಮ

ನಡುವೆ ಬಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನಗೆ ಏಳನೇ ತಿಂಗಳು, ರಾತ್ರಿ ವಿಪರೀತ ಎದೆ ಉರಿ. ನಾನು ಯಾವುದು ಕುಡಿಯಬಹುದು?

ವಾಸ್ಕೋ ಅಕ್ಕ

ಬಸುರಿಯಲ್ಲಿ ಇದು ತುಂಬಾ ಸಾಮಾನ್ಯ ಕಣಮ್ಮಾ. ಹಾರ್ಮೋನಿನಿಂದ ಅನ್ನನಾಳದ ಬಾಗಿಲು ಕಾಯುವ ಆ ಸ್ನಾಯು ಸಡಿಲ ಆಗುತ್ತದೆ, ಜೊತೆಗೆ ಮಗು ಕೆಳಗಿಂದ ಹೊಟ್ಟೆಯನ್ನು ಒತ್ತುತ್ತದೆ. ಈನೋ, ಅಡುಗೆ ಸೋಡಾ ಬೇಡ. ಗ್ಯಾವಿಸ್ಕಾನ್‌ನಂಥ ಆಲ್ಜಿನೇಟ್ ಇರುವುದನ್ನು ಬಸುರಿಯರಿಗೆ ಕೊಡುವುದು ರೂಢಿಯಲ್ಲಿದೆ. ಆದರೂ ಮುಂದಿನ ಚೆಕಪ್‌ನಲ್ಲಿ ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕಬ್ಬಿಣದ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಇದನ್ನೂ ಒಟ್ಟಿಗೆ ತಗೊಳ್ಳಬೇಡಿ. ಮತ್ತೆ ಒಂದು ಮುಖ್ಯ ಮಾತು. ಎದೆಯ ಕೆಳಗೆ ಬಲಗಡೆ ಜೋರು ನೋವು, ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇದ್ದರೆ ಅದು ಅಸಿಡಿಟಿ ಅಲ್ಲದಿರಬಹುದು. ಬಿಪಿ ಏರಿರಬಹುದು. ಕೂಡಲೇ ಹೋಗಬೇಕು.

ಡೊಂಬಿವಲಿ ಸೊಸೆ

ಡಾಕ್ಟರಿಗೆ ತೋರಿಸಿದೆವು. ನೋವಿನ ಮಾತ್ರೆ ನಿಲ್ಲಿಸಿದ್ದಾರೆ. ರಕ್ತ ಪರೀಕ್ಷೆಗೆ ಕೊಟ್ಟಾಗಿದೆ, ಶುಕ್ರವಾರ ಬೆಳಿಗ್ಗೆ ಎಂಡೋಸ್ಕೋಪಿ. ಅತ್ತೆಗೆ ಭಯ. ಹಿಂದಿನ ರಾತ್ರಿ ಉರಿ ಬಂದರೆ ಬಾಟಲಿ ಔಷಧ ಕೊಡಬಹುದಾ?

ವಾಸ್ಕೋ ಅಕ್ಕ

ಸಾಮಾನ್ಯವಾಗಿ 6ರಿಂದ 8 ಗಂಟೆ ಏನೂ ತಿನ್ನಬಾರದು ಅಂತ ಹೇಳುತ್ತಾರೆ. ಬಿಳಿ, ಗುಲಾಬಿ ಔಷಧ ಯಾವುದೂ ಅವತ್ತು ಬೆಳಿಗ್ಗೆ ಬೇಡ. ಅದು ಹೊಟ್ಟೆಯ ಗೋಡೆಗೆ ಬಳಿದುಕೊಂಡು ಒಳಗೆ ಸರಿಯಾಗಿ ಕಾಣುವುದಿಲ್ಲ. ರಾತ್ರಿ ಕೊಡಬಹುದಾ, ಎಷ್ಟು ಗಂಟೆಯೊಳಗೆ, ಬಿಪಿ ಮತ್ತು ಥೈರಾಯ್ಡ್ ಮಾತ್ರೆ ಹೇಗೆ, ಈ ಮೂರನ್ನೂ ಎಂಡೋಸ್ಕೋಪಿ ವಿಭಾಗಕ್ಕೆ ಫೋನ್ ಮಾಡಿ ಇವತ್ತೇ ಕೇಳಿ ಬರೆದುಕೊಳ್ಳಿ. ಭಯಕ್ಕೆ ಹೀಗೆ ಹೇಳಿ: ಗಂಟಲಿಗೆ ಮರಗಟ್ಟುವ ಔಷಧ ಸ್ಪ್ರೇ ಮಾಡುತ್ತಾರೆ, ನೋಡುವ ಕೆಲಸ ಕೆಲವೇ ನಿಮಿಷ. ಎಡಕ್ಕೆ ಹೊರಳಿ ಮಲಗಿಸುತ್ತಾರೆ, ಮೂಗಿನಿಂದ ನಿಧಾನಕ್ಕೆ ಉಸಿರಾಡಿದರೆ ಓಕರಿಕೆ ಕಡಿಮೆ. ಜೋಮು ಇಳಿಯುವವರೆಗೆ ನೀರು ಕೊಡಬೇಡಿ. ನೀವೇ ಜೊತೆಗೆ ಹೋಗಿ, ಕೃತಕ ಹಲ್ಲಿನ ಸೆಟ್ ಇದ್ದರೆ ತೆಗೆದಿಡಲು ಒಂದು ಡಬ್ಬಿ ಒಯ್ಯಿರಿ.